ಒಂಬತ್ತು ವರ್ಷದ ಅಳತೆಯ ಫ್ರಾಕು

ನನಗೆ ಇಪ್ಪತ್ತೆರಡು ವರ್ಷವಾದರೂ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ನನ್ನ ಹೆಸರಿಗೆ ಮೊದಲು ‘ಬೇಬಿ’ ಎಂದೇ ಅಚ್ಚಾಗುತ್ತಿತ್ತು. ಆ ಹೊತ್ತಿಗೆ ನಾನು ಬಿ.ಎ. ಪಾಸಾಗಿದ್ದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವಳೇ ನಾನು, ಇನ್ನು ಪದವಿಯ ಮಾತು ಹೇಳುವುದೇ ಬೇಡ. ಆದರೂ ಹೊನ್ನಾಳಿ, ನ್ಯಾಮತಿಯ ಹೋಟೆಲುಗಳ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ನಾನು ಬೇಬಿ. ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಬೇಬಿ ತೆಗೆದು ನನ್ನ ಹೆಸರಷ್ಟೇ ಹಾಕಬೇಕು, ಒಂದು ನಾಯಕಿಯ ಪಾತ್ರ ಕೊಡಬೇಕು. ಬೆಳೆದ ಹೆಂಗಸಾಗಿ ಒಂದು ಸಲ ಸ್ಟೇಜಿನ ಮೇಲೆ ನಿಲ್ಲಬೇಕು. ಅದು ಸಿಕ್ಕಿತು. ಸಿಕ್ಕಿದ ರೀತಿಯನ್ನು ಹೇಳಿಕೊಳ್ಳಲು ಮನಸ್ಸಾಗದೆ ಇಷ್ಟು ವರ್ಷ ಸುಮ್ಮನಿದ್ದೆ.

ನಾನು ಬೇಬಿ ಆಗಿದ್ದು ಎಂಟನೇ ವಯಸ್ಸಿಗೆ, ಚನ್ನಗಿರಿಯಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತ್ತು. ನಮ್ಮವ್ವ ಅದರ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಅಪ್ಪ ಇದ್ದಾನೋ ಇಲ್ಲವೋ ಅವ್ವ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಗುವಿನ ಪಾತ್ರ ಮಾಡುತ್ತಿದ್ದ ಹುಡುಗಿ ಜ್ವರ ಬಂದು ಮಲಗಿದ ದಿನ ಕಂಪನಿ ಮಾಲೀಕರು ಒಲೆಯ ಮುಂದೆ ಬಂದು ನಿಂತು, ನನ್ನ ಕಡೆ ಬೆರಳು ತೋರಿಸಿ, “ಇದಕ್ಕೆ ಅಳಾಕೆ ಬರ್ತದೇನವ್ವ?” ಅಂದರು.

“ಅದೊಂದು ಚೆನ್ನಾಗಿ ಬರ್ತದ್ರಿ,” ಅಂದಳು ಅವ್ವ. “ದಿನಾ ಅದೇ ಕೆಲಸ.”

ನಾಟಕದಲ್ಲಿ ಒಬ್ಬ ಬಡ ಅಕ್ಕ, ಒಬ್ಬ ಕುರುಡಿ ತಾಯಿ, ಒಂದು ಪುಟ್ಟ ತಂಗಿ. ತಂಗಿಗೆ ಕಾಯಿಲೆ. ಔಷಧಿ ತರಲು ಹೋದ ಅಕ್ಕ ತಡವಾಗಿ ಬರುತ್ತಾಳೆ. ತಂಗಿ ಅವಳ ತೊಡೆಯ ಮೇಲೆ ಮಲಗಿ ಒಂದು ಹಾಡು ಹಾಡಿ ಸಾಯುತ್ತಾಳೆ. ಆ ತಂಗಿ ನಾನು. ಮೊದಲ ವಾರದಲ್ಲೇ ಜನ ‘ವನ್ಸ್ ಮೋರ್’ ಎಂದು ಕೂಗತೊಡಗಿದರು. ಕೂಗಿದರೆ ಸತ್ತ ಮಗು ಎದ್ದು, ಫ್ರಾಕಿನ ಧೂಳು ಕೊಡವಿ, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಒಂದು ದಿನ ನಾಲ್ಕು ಸಲ ಸತ್ತಿದ್ದೇನೆ. ಹೊನ್ನಾಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು, ನಾನು ಸಾಯುವುದನ್ನು ನೋಡಲು. ಹೆಂಗಸರು ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನ ಕೆನ್ನೆ ಮುಟ್ಟಿ, ಬದುಕಿದ್ದೇನೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು.

ಶಾಲೆ ಇರಲಿಲ್ಲ. ಪರದೆ ಪಕ್ಕ ನಿಂತು ಮಾತು ಹೇಳಿಕೊಡುತ್ತಿದ್ದ ಮೇಷ್ಟ್ರು ಮಧ್ಯಾಹ್ನ ನಾಟಕದ ಹಸ್ತಪ್ರತಿಯನ್ನೇ ಮುಂದಿಟ್ಟು ಅಕ್ಷರ ಕಲಿಸಿದರು. ನಾನು ಬದುಕಿನಲ್ಲಿ ಮೊದಲು ಓದಿದ ವಾಕ್ಯ, ‘ಅಕ್ಕಾ, ನನಗೆ ಹಸಿವಿಲ್ಲ.’ ಅದೂ ಸುಳ್ಳು ವಾಕ್ಯ.

ಹನ್ನೆರಡನೇ ವಯಸ್ಸಿಗೆ ಕಾಲುಗಳು ಉದ್ದವಾಗತೊಡಗಿದವು. ಮಂಡಿ ಬಗ್ಗಿಸಿ ನಡೆಯಲು ಹೇಳಿದರು, ನಡೆದೆ. ನಾಯಕಿಯ ತೊಡೆಯ ಮೇಲೆ ಮಲಗಿದರೆ ಪಾದಗಳು ಆಚೆ ಚಾಚುತ್ತಿದ್ದವು, ಅವುಗಳ ಮೇಲೆ ಕಂಬಳಿ ಹೊದಿಸಿದರು. ಹದಿಮೂರಕ್ಕೆ ಕಂಬಳಿಯೂ ಸಾಲಲಿಲ್ಲ. ಹೊನ್ನಾಳಿಯ ಕ್ಯಾಂಪ್ ಮುಗಿಯುವ ಹೊತ್ತಿಗೆ ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೆಳದುಬಿಟ್ಟೆಲ್ಲೇ,” ಅಂದರು, ನಾನೇನೋ ಕದ್ದು ಸಿಕ್ಕಿಬಿದ್ದಂತೆ. ಅವ್ವನಿಗೆ, “ನಾಯಕಿ ಮಾಡಾಕೆ ಇನ್ನೂ ಐದು ವರ್ಷ ಬೇಕವ್ವ. ಅಲ್ಲೀತನಕ ಇಟ್ಕಂಡು ಏನು ಮಾಡ್ಲಿ?” ಅಂದರು. ಕಂಪನಿಯ ಲಾರಿ ಹೊಸ ಮಗುವನ್ನು ಕೂರಿಸಿಕೊಂಡು ಹೊರಟಿತು. ನಾವು ಹೊನ್ನಾಳಿಯಲ್ಲೇ ಉಳಿದೆವು.

ಅವ್ವನಿಗೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಹಾಸ್ಟೆಲಿನ ಹುಡುಗಿಯರು ಓದಿ ಬಿಟ್ಟ ಪುಸ್ತಕಗಳನ್ನು ನಾನು ಓದಿದೆ. ಪಾತ್ರೆ ತಿಕ್ಕುತ್ತಾ ಓದಿದೆ ಎಂದರೆ ಕಥೆಯಂತೆ ಕೇಳಿಸುತ್ತದೆ, ಆದರೆ ನಿಜವಾಗಿಯೂ ಪಾತ್ರೆ ತಿಕ್ಕುತ್ತಲೇ ಓದಿದೆ. ಪುಸ್ತಕ ಗೂಡಿನಲ್ಲಿ, ಬೂದಿ ಕೈಯಲ್ಲಿ. ಶಾಲೆಗೆ ಸೇರದೆ ಹೊರಗಿನಿಂದಲೇ ಎಸ್ಸೆಸ್ಸೆಲ್ಸಿ ಕಟ್ಟಿದೆ, ಆಮೇಲೆ ಪಿಯುಸಿ, ಆಮೇಲೆ ಅಂಚೆ ತೆರಪಿನ ಬಿ.ಎ. ಕಂಪನಿಯಲ್ಲಿ ಬೆಳೆದವರಿಗೆ ಒಂದು ರೋಗ ಇರುತ್ತದೆ. ಎದುರಿನವರು ತಮ್ಮ ಮಾತಿನ ಕೊನೆಯ ಶಬ್ದ ಹೇಳದ ಹೊರತು ನಮ್ಮ ಮಾತು ಬಾಯಿಗೆ ಬರುವುದಿಲ್ಲ. ಪರೀಕ್ಷೆಯ ಹಾಲಿನಲ್ಲಿ ನಾನು ಪ್ರಶ್ನೆಯನ್ನು ಬೇರೆ ದನಿಯಲ್ಲಿ ಪಿಸುಗುಟ್ಟಿ, ಆಮೇಲೆ ನನ್ನ ದನಿಯಲ್ಲಿ ಉತ್ತರ ಬರೆಯುತ್ತಿದ್ದೆ. ಮೇಲ್ವಿಚಾರಕರು ಎರಡು ಸಲ ಎಬ್ಬಿಸಿ ನಿಲ್ಲಿಸಿದರು. “ಯಾರ ಜೊತೆ ಮಾತಾಡ್ತಿದೀಯ?” “ಪ್ರಶ್ನೆಪತ್ರಿಕೆ ಜೊತೆ ಸಾರ್.” ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮೂರನೇ ಸಲ ಎದ್ದೆ. ಪಾಸ್ ಕ್ಲಾಸು. ಯಾರು ಕೇಳಿದರೂ ಪಾಸ್ ಕ್ಲಾಸೆಂದು ತಲೆ ಎತ್ತಿಯೇ ಹೇಳುತ್ತೇನೆ.

ಓದಿನ ಜೊತೆಗೆ ನಾಟಕವೂ ನಡೆಯುತ್ತಿತ್ತು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಊರ ಯುವಕರೆಲ್ಲ ಸೇರಿ ನಾಟಕ ಕಟ್ಟುತ್ತಾರೆ. ಒಬ್ಬ ಹಾರ್ಮೋನಿಯಂ ಮೇಷ್ಟ್ರು ಎರಡು ತಿಂಗಳು ಕಲಿಸುತ್ತಾರೆ. ಗಂಡು ಪಾತ್ರಗಳೆಲ್ಲ ಊರಿನವರದು, ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಹೊರಗಿನಿಂದ ಕರೆಸುತ್ತಾರೆ. ನಾವು ನಾಟಕದ ದಿನ ಬೆಳಗಿನ ಬಸ್ಸಿಗೆ ಹೋಗಿ, ಮಧ್ಯಾಹ್ನ ಒಂದು ಸಲ ಪ್ರಾಕ್ಟೀಸ್ ಮಾಡಿ, ರಾತ್ರಿ ಆಡಿ, ಮರುದಿನದ ಬಸ್ಸಿಗೆ ವಾಪಸ್. ಹದಿನಾರನೇ ವಯಸ್ಸಿನಿಂದ ನಾನು ಮನೆಗೆಲಸದವಳು, ನಾಯಕಿಯ ಗೆಳತಿ, ನೀರು ತಂದುಕೊಡುವವಳು, ಇಂಥವನ್ನೇ ಮಾಡಿದೆ. ನನ್ನನ್ನು ಊರುಗಳಿಗೆ ಗೊತ್ತು ಮಾಡುತ್ತಿದ್ದವರು ನ್ಯಾಮತಿಯ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಬಿ.ಎ. ಫಲಿತಾಂಶ ಬಂದ ವಾರ ಅವರ ಮುಂದೆ ಹೋಗಿ ಕೂತೆ.

“ಮೇಷ್ಟ್ರೇ, ಹ್ಯಾಂಡ್‌ಬಿಲ್ಲಿನಾಗೆ ಬೇಬಿ ತೆಗೀರಿ. ನಾನು ಮದುವೆ ವಯಸ್ಸಿನಾಕಿ.”

“ಮದುವೆ ಆಗು ತಾಯಿ, ಯಾರು ಬ್ಯಾಡ ಅಂದ್ರು? ಮದುವೆಗೂ ಹ್ಯಾಂಡ್‌ಬಿಲ್ಲಿಗೂ ಏನು ಸಂಬಂಧ ಐತೆ?”

“ನನಗೆ ನಾಯಕಿ ಪಾತ್ರ ಯಾಕೆ ಕೊಡ್ಸಲ್ರಿ?”

“ಬೇಬಿ ನಾಯಕಿ ಆದ್ರೆ ಲವ್ ಸೀನ್ ಹೆಂಗೆ ಮಾಡ್ತೀಯ? ಜನ ಹೀರೋನ್ನ ಹಿಡ್ಕಂಡು ಹೊಡೀತಾರೆ.”

“ಅದಕ್ಕೇ ಬೇಬಿ ತೆಗೀರಿ ಅಂದೆ.”

“ತೆಗೆದ್ರೆ ನೀನ್ಯಾರು ಅಂತ ಯಾರಿಗೆ ಗೊತ್ತಾಗ್ತದೆ?”

ನಾನು ಅಂಕಪಟ್ಟಿ ತೋರಿಸಿದೆ. ಅವರಿಗೆ ನಿಜವಾಗಿಯೂ ಸಂತೋಷವಾಯಿತು. “ಪಾತ್ರ ಮಾಡೋ ಹೆಣ್ಮಕ್ಕಳಾಗೆ ಬಿ.ಎ. ನೀನೊಬ್ಬಾಕೀನೆ,” ಎಂದು ಹಾರ್ಮೋನಿಯಂ ಮೇಲೆ ಅದನ್ನು ಹರಡಿ ಇಂಗ್ಲಿಷಿನ ಅಂಕ ನೋಡಿ, “ಪಾಸ್ ಮಾಡಾಕೆ ಇಷ್ಟೇ ಸಾಕೇನು ಇವರಿಗೆ?” ಅಂದರು. ಮುಂದಿನ ಸಲ ನೋಡೋಣ ಅಂದರು.

ಒಂದು ತಿಂಗಳಿಗೆ ಅವರು ಹೇಳಿಕಳಿಸಿದ ಮಾತು ಬಂತು. ನ್ಯಾಮತಿಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ನಾಟಕ. ಚನ್ನಗಿರಿಯಲ್ಲಿ ನಾನು ಆಡುತ್ತಿದ್ದ ಅದೇ ನಾಟಕ. ನಾಟಕ ಸಂಘದ ಅಧ್ಯಕ್ಷರು ಬೇಬಿಯೇ ಬೇಕು, ಮುಖ್ಯ ಪಾತ್ರಕ್ಕೆ ಬೇಕು ಎಂದು ಬರೆದಿದ್ದರಂತೆ. ಮುಖ್ಯ ಪಾತ್ರ ಎಂದರೆ ಅಕ್ಕನದು, ನಾಯಕಿಯದು ಎಂದುಕೊಂಡೆ. ಅವ್ವ ತನ್ನ ಟ್ರಂಕಿನಿಂದ ಹಸಿರು ಸೀರೆ ತೆಗೆದುಕೊಟ್ಟಳು. ನಾನು ಅದನ್ನುಟ್ಟು, ಜಡೆ ಕಟ್ಟದೆ ತುರುಬು ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ಹಳ್ಳಿಯ ಸ್ಟಾಪಿನಲ್ಲಿ ಮೂವರು ಕಾಯುತ್ತಿದ್ದರು. ಐವತ್ತು ದಾಟಿದ ಅಧ್ಯಕ್ಷರ ಕೈಯಲ್ಲಿ ಒಂದು ಪುಟ್ಟ ಹೂಮಾಲೆ, ಒಂದು ಪೊಟ್ಟಣ ಪೆಪ್ಪರ್‌ಮೆಂಟು. ನಾನು ಇಳಿದೆ. ಅವರು ನನ್ನನ್ನು ದಾಟಿ ಬಸ್ಸಿನ ಬಾಗಿಲು ನೋಡಿದರು.

“ಕೂಸು ಎಲ್ಲವ್ವ? ನಿದ್ದೆ ಹೋತೇನು?”

ಕಂಡಕ್ಟರ್ ಸೀಟಿ ಊದಲು ಹೋದ. “ತಡೀರಿ, ಕೂಸು ಒಳಗೈತೆ!” ಎಂದು ಅಧ್ಯಕ್ಷರೇ ಬಸ್ಸು ಹತ್ತಿ ಸೀಟುಗಳ ಸಂದಿಯಲ್ಲಿ ಹುಡುಕಿದರು. ಕೆಳಗಿಳಿದವರ ಮುಖ ಗಾಬರಿಯಾಗಿತ್ತು.

“ಯಾರನ್ನ ಹುಡುಕ್ತೀರಿ ಯಜಮಾನ್ರೇ?”

“ಬೇಬಿನ. ನೀವು ಅದರ ತಾಯೇನ್ರಿ?”

“ನಾನೇ ಬೇಬಿ.”

ಅವರು ನನ್ನ ತುರುಬು ನೋಡಿದರು, ಸೀರೆ ನೋಡಿದರು, ಕೈಯಲ್ಲಿದ್ದ ಪೆಪ್ಪರ್‌ಮೆಂಟು ನೋಡಿದರು. “ಅಲ್ಲಾ... ನಾನು ಚನ್ನಗಿರಿಯಾಗೆ ನೋಡ್ದಾಗ ಇಷ್ಟುದ್ದ ಇತ್ತಲ್ರಿ,” ಎಂದು ಮೊಳಕಾಲಿಗಿಂತ ಸ್ವಲ್ಪ ಮೇಲೆ ಕೈ ಹಿಡಿದು ತೋರಿಸಿದರು.

“ಅದಾಗಿ ಹದಿಮೂರು ವರ್ಷ ಆತ್ರಿ.”

ಜೊತೆಗಿದ್ದ ಇಬ್ಬರೂ ನಕ್ಕರು. ಅವರು ನಗಲಿಲ್ಲ. ಬೆರಳು ಮಡಿಸಿ ವರ್ಷ ಎಣಿಸಿ, “ನನ್ನ ತಲೆ ಹಣ್ಣಾಗಿದ್ದು ಗೊತ್ತೈತೆ. ನೀವು ಬೆಳೆದಿರ್ತೀರಿ ಅನ್ನೋದು ಹೊಳೀಲಿಲ್ಲ ನೋಡ್ರಿ. ಹ್ಯಾಂಡ್‌ಬಿಲ್ಲಿನಾಗೆ ಇನ್ನೂ ಬೇಬಿ ಅಂತಿತ್ತಲ್ಲ,” ಅಂದರು. ಮಾಲೆ ಕೊರಳಿಗೆ ಹಿಡಿಸುವಷ್ಟಿರಲಿಲ್ಲ. ಕೈಗೆ ಕೊಟ್ಟರು.

ಅವರ ಮನೆಯ ಗೂಟದಲ್ಲಿ ಒಂದು ಗುಲಾಬಿ ಫ್ರಾಕು ನೇತಾಡುತ್ತಿತ್ತು, ಅಂಚಿಗೆ ಲೇಸು, ಸೊಂಟಕ್ಕೆ ರಿಬ್ಬನ್ನು. ಅಧ್ಯಕ್ಷರ ಒಂಬತ್ತು ವರ್ಷದ ಮೊಮ್ಮಗಳ ಅಳತೆ ಕೊಟ್ಟು ನನಗಾಗಿ ಹೊಲಿಸಿದ್ದು. ಅದನ್ನು ನೋಡುತ್ತಾ ಕೂತೆ. ಅದನ್ನು ಹಾಕಿಕೊಳ್ಳಲಾರದ ನನಗೆ ಆ ಊರಲ್ಲಿ ಬೇರೆ ಕೆಲಸವಿರಲಿಲ್ಲ, ಏಕೆಂದರೆ ನಾಯಕಿ ಆಗಲೇ ಬಂದಿದ್ದಳು. ಜಗಲಿಯ ಮೇಲೆ ಕಾಲು ಚಾಚಿ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನಲವತ್ತರ ಹತ್ತಿರ ಇರಬೇಕು. ಹೊನ್ನಾಳಿಯವಳೇ. ಇಪ್ಪತ್ತು ವರ್ಷದಿಂದ ಈ ಕಡೆಯ ಹಳ್ಳಿಗಳಲ್ಲೆಲ್ಲ ಅವಳೇ ನಾಯಕಿ. ನಾನು ಅವಳಿಗೆ ಎರಡು ನಾಟಕದಲ್ಲಿ ನೀರು ತಂದುಕೊಟ್ಟಿದ್ದೆ.

“ಬಾ ಬೇಬಿ,” ಅಂದಳು. “ಪೆಪ್ಪರ್‌ಮೆಂಟು ಕೊಟ್ರೇನು? ನನಗೂ ಎರಡು ಕೊಡು.”

ಮಧ್ಯಾಹ್ನದ ಊಟ ಆದ ಮೇಲೆ ಪಡಸಾಲೆಯಲ್ಲಿ ಸಂಘದವರೆಲ್ಲ ಕೂತರು. ಮಗುವಿನ ಪಾತ್ರವನ್ನು ಮೊಮ್ಮಗಳಿಂದಲೇ ಮಾಡಿಸುವುದು, ನಾನು ಸಂಜೆಯೊಳಗೆ ಅವಳಿಗೆ ಕಲಿಸಿಕೊಡುವುದು ಎಂದಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆಗ ಹೀರೋ ಪಾತ್ರದ ಯುವಕ, ಸೈಕಲ್ ಶಾಪಿನವನು, ನೆಲ ನೋಡುತ್ತಾ ಹೇಳಿದ: “ಯಜಮಾನ್ರೇ, ಇವರನ್ನೇ ನಾಯಕಿ ಮಾಡಿದ್ರೆ ಹೆಂಗೆ? ಜೋಡಿ ಸರಿ ಆಗ್ತೈತೆ. ಜಗಲಿ ಮ್ಯಾಲಿನ ಅಕ್ಕಾರು ಕುರುಡಿ ತಾಯಿ ಮಾಡ್ತಾರೆ.”

ಹೊರಗಿನಿಂದ ಮೂರನೆಯವಳನ್ನು ಕರೆಸಲು ದುಡ್ಡು ಸಾಲದೆ, ಕುರುಡಿ ತಾಯಿ ಮಾಡಬೇಕಿದ್ದವನು ಊರಿನ ದರ್ಜಿ. “ಮಾಡ್ರಪ್ಪಾ, ನಿಮಗೆ ಪುಣ್ಯ ಬರ್ತೈತೆ,” ಅಂದ. “ನನ್ನ ಮೀಸೆ ಉಳೀತೈತೆ.”

ಎಲ್ಲರೂ ನಕ್ಕರು. ಜಗಲಿಯಿಂದ ಎಲ್ಲ ಕೇಳಿಸುತ್ತಿತ್ತು. ಅಧ್ಯಕ್ಷರು ಜಗಲಿಯ ಕಡೆ ನೋಡದೆ ನನ್ನನ್ನು ಕೇಳಿದರು: “ನಾಯಕಿ ಮಾತು ನಿಮಗೆ ಬರ್ತಾವೇನ್ರಿ?”

ಬರುವುದಿಲ್ಲ ಅಂದಿದ್ದರೆ ಆಗುತ್ತಿತ್ತು. ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಬರುವುದಿಲ್ಲವೆಂದು ಹೇಳಲು ಬಾಯಿ ತೆರೆದೆ ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ. “ಬರ್ತಾವೆ,” ಅಂದೆ. ಅಷ್ಟಕ್ಕೇ ಬಿಡಲಿಲ್ಲ. “ಮೈಕಿನಾಗೆ ಬೇಬಿ ಅನ್ನಬಾರದು. ನನ್ನ ಹೆಸರು ಹೇಳಿ ಬಿ.ಎ. ಅನ್ನಬೇಕು,” ಅಂದೆ.

ಹೊರಗೆ ಬಂದಾಗ ಅವಳು ತಲೆ ಬಾಚಿ ಮುಗಿಸಿದ್ದಳು. “ತಾಯಿ ಕುರುಡಿ ತಾನೆ?” ಅಂದಳು. “ಕಣ್ಣು ಮುಚ್ಕಂಡು ಕುಂತ್ರಾತು. ಕಾಲಿಗೆ ಆರಾಮು.” ಚೀಲದಿಂದ ಉದ್ದನೆಯ ಚೌರಿ ಕೂದಲು ತೆಗೆದು ನನ್ನ ಮಡಿಲಿಗೆ ಹಾಕಿದಳು. “ತುರುಬು ಬಿಚ್ಚು. ನಾಯಕಿಗೆ ಜಡೆ ಇರಬೇಕು. ಅದು ನನ್ನ ಸ್ವಂತದ್ದು, ಎಳೀಬ್ಯಾಡ.”

ಸಂಜೆಯವರೆಗೂ ಮೊಮ್ಮಗಳಿಗೆ ಸಾಯುವುದನ್ನು ಕಲಿಸಿದೆ. ಸತ್ತ ಮೇಲೆ ರೆಪ್ಪೆ ಅದುರಬಾರದೆಂದರೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯಬೇಕು. ಉಸಿರನ್ನು ಹೊಟ್ಟೆಯಲ್ಲಿ ಆಡಿಸಬಾರದು, ಬೆನ್ನಿನ ಕಡೆ ಆಡಿಸಬೇಕು. ಯಾವ ಪುಸ್ತಕದಲ್ಲೂ ಇಲ್ಲದ, ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ ಅದೊಂದೇ. ಹುಡುಗಿ ಬೇಗ ಕಲಿತಳು. ಹೀರೋನೊಂದಿಗೆ ಎರಡು ಹಾಡು, ಒಂದು ಲವ್ ಸೀನು ಪ್ರಾಕ್ಟೀಸ್ ಮಾಡುವಷ್ಟರಲ್ಲಿ ಗ್ಯಾಸ್‌ಲೈಟ್ ಹಚ್ಚಿದರು. ಉಳಿದದ್ದು ನನಗೆ ಬರುತ್ತದೆ ಎಂದು ನಾನೇ ಹೇಳಿದ್ದೆನಲ್ಲ.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಮೈಕಿನಲ್ಲಿ ನನ್ನ ಹೆಸರು ಹೇಳಿ, ಬಿ.ಎ. ಎಂಬುದನ್ನು ಎರಡು ಸಲ ಹೇಳಿದರು. ಹಿಂದಿನಿಂದ ಒಬ್ಬ ಕೂಗಿದ: “ಬೇಬಿ ಎಲ್ಲಿ?” ಅಧ್ಯಕ್ಷರು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, “ಬೇಬಿಯವರು ಬೆಳೆದುಬಿಟ್ಟಿದ್ದಾರೆ. ಸಾರ್ವಜನಿಕರು ದಯಮಾಡಿ ಸಹಕರಿಸಬೇಕು,” ಅಂದರು.

ಸಹಕರಿಸಿದರು. ಯಾರೂ ನಗಲಿಲ್ಲ. ಹಾಡಿಗೆ ಶಿಳ್ಳೆ ಬಿತ್ತು. ಲವ್ ಸೀನಿನಲ್ಲಿ ಮಾತ್ರ ಸೈಕಲ್ ಶಾಪಿನವನು ನನ್ನ ಕೈಯನ್ನು ಬಿಸಿ ಪಾತ್ರೆ ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದ. ಪರದೆ ಬಿದ್ದಾಗ, “ಬಿ.ಎ. ಅಂದ್ಬಿಟ್ರು, ಅಂಜಿಕೆ ಆತ್ರಿ,” ಎಂದು ಕ್ಷಮೆ ಕೇಳಿದ. ಮೊಮ್ಮಗಳು ನನ್ನ ತೊಡೆಯ ಮೇಲೆ ಹಾಡಿ, ಸತ್ತು, ನಿಜವಾಗಿಯೂ ನಿದ್ದೆ ಹೋದಳು. ‘ವನ್ಸ್ ಮೋರ್’ ಕೂಗಿದರೂ ಎಬ್ಬಿಸಲಾಗಲಿಲ್ಲ. ಅವಳ ತಾಯಿ ಬಂದು ಎತ್ತಿಕೊಂಡು ಹೋದಳು.

ಅವಳನ್ನು ಹಾಗೆ ಹೆಗಲಿಗೆ ಹಾಕಿಕೊಂಡು ಹೋಗುವುದನ್ನು ನೋಡುತ್ತಿದ್ದಾಗ ಹಳೆಯದು ನೆನಪಾಯಿತು. ನನ್ನನ್ನೂ ಹೀಗೇ ಎತ್ತಿಕೊಂಡು ಹೋಗುತ್ತಿದ್ದರು. ಚನ್ನಗಿರಿಯಲ್ಲಿ ನಾನು ಸತ್ತ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಒಯ್ದು ಚೀಲದ ಮೇಲೆ ಮಲಗಿಸುತ್ತಿದ್ದಳು. ದೊಡ್ಡವಳಾದ ಮೇಲೂ ಸತ್ತ ಕೂಡಲೇ ನಾನೇ ಅಲ್ಲಿಗೆ ಹೋಗಿ ಮಲಗುತ್ತಿದ್ದೆ. ಐದು ವರ್ಷ ಆ ನಾಟಕ ಆಡಿದ್ದೆ. ಪ್ರತಿಯೊಬ್ಬರ ಮಾತೂ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಆದರೆ ಕೊನೆಯ ಅಂಕವನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿಲ್ಲವೆಂಬುದು ಆ ಗಳಿಗೆಯವರೆಗೂ ನನಗೆ ಗೊತ್ತೇ ಇರಲಿಲ್ಲ.

ಪರದೆ ಎದ್ದಿತು. ಕೊನೆಯ ಅಂಕದಲ್ಲಿ ಅಕ್ಕ ಮತ್ತು ಕುರುಡಿ ತಾಯಿ ಇಬ್ಬರೇ. ತಾಯಿ ಕೇಳುತ್ತಾಳೆ, “ಕೂಸಿಗೆ ಔಷಧಿ ಕುಡಿಸಿದೆಯಾ ಮಗಳೇ?” ನಾನು ಏನೋ ಹೇಳಬೇಕು. ಏನು? ಪಕ್ಕದಲ್ಲಿ ಮಾತು ಹೇಳಿಕೊಡುವವನು ಪುಟ ಹುಡುಕುತ್ತಿದ್ದ. ಬಿ.ಎ. ಎಂದು ಎರಡು ಸಲ ಹೇಳಿಸಿಕೊಂಡವಳು ಆ ಬೆಳಕಿನಲ್ಲಿ ಬಾಯಿ ಮುಚ್ಚಿ ನಿಂತಿದ್ದೆ.

ತಾಯಿಯಾಗಿ ಕೂತಿದ್ದ ಹಳೆಯ ನಾಯಕಿ ಕಣ್ಣು ತೆರೆಯಲಿಲ್ಲ. ಮಗಳನ್ನು ತಡಕಾಡುವವಳಂತೆ ಎರಡೂ ಕೈ ಚಾಚಿದಳು. ನಾನು ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ತಲೆಯನ್ನು ಹೆಗಲಿಗೆ ಎಳೆದುಕೊಂಡು, ತುಟಿ ಅಲುಗದಂತೆ ಕಿವಿಯಲ್ಲಿ ಹೇಳಿದಳು: “ಕುಡಿಸಿದೆನಮ್ಮಾ, ಇನ್ನು ಅವಳಿಗೆ ನೋವಿಲ್ಲ.” ನಾನು ಅದನ್ನು ಜೋರಾಗಿ ಹೇಳಿದೆ. ಹೀಗೆ ಇಡೀ ಅಂಕ ನಡೆಯಿತು. ತನ್ನ ಮಾತು ಜೋರಾಗಿ, ನನ್ನ ಮಾತು ಮೆಲ್ಲಗೆ, ಎರಡನ್ನೂ ಅವಳೇ ಹೇಳಿದಳು. ಇಪ್ಪತ್ತು ವರ್ಷ ಅವಳ ಬಾಯಲ್ಲಿ ಸವೆದ ಮಾತುಗಳು. ಒಂದು ಕಡೆ ನಾನು ಬೇಗ ಹೇಳಿಬಿಟ್ಟಾಗ ತೊಡೆ ಚಿವುಟಿ ನಿಲ್ಲಿಸಿದಳು. ಜನ ಅತ್ತರು. ಅಧ್ಯಕ್ಷರು ಸ್ಟೇಜಿಗೆ ಬಂದು ನನಗೆ ಶಾಲು ಹೊದಿಸಿದರು. ಕಣ್ಣು ಮುಚ್ಚಿ ಕೂತಿದ್ದ ಅವಳು ಕಣ್ಣು ಮುಚ್ಚಿಯೇ ಕೂತಿದ್ದಳು.

ಬೇಬಿ ಎಂಬುದು ಆಮೇಲೆ ಬಿಟ್ಟುಹೋಯಿತು. ನಾಯಕಿಯಾಗಿ ಮೂರು ಸುಗ್ಗಿ ಆಡಿದೆ, ಹೊನ್ನಾಳಿ ಕಡೆ, ಚನ್ನಗಿರಿ ಕಡೆ. ಆ ಮೂರು ವರ್ಷದಲ್ಲಿ ನ್ಯಾಮತಿಯ ಮೇಷ್ಟ್ರು ಅವಳನ್ನು ನಾಯಕಿಗೆ ಕರೆಯಲಿಲ್ಲ, ನನ್ನನ್ನೇ ಕರೆದರು. ಆಮೇಲೆ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು, ನಾಟಕ ಬಿಟ್ಟೆ. ಪದವಿ ಅನ್ನ ಕೊಟ್ಟಿತು. ನಾನು ಬಯಸಿದ್ದೆಲ್ಲ ಸಿಕ್ಕಿದೆ, ಇಲ್ಲವೆಂದರೆ ತಪ್ಪಾಗುತ್ತದೆ. ಆದರೂ ನಾಯಕಿಯಾಗಿದ್ದ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ನಾಟಕದ ಮರುದಿನ ಬೆಳಿಗ್ಗೆ ಆ ಹಳ್ಳಿಯ ಸ್ಟಾಪಿನಲ್ಲಿ ಬಸ್ಸು ಕಾದದ್ದು.

ನಾನೂ ಅವಳೂ ಕಲ್ಲಿನ ಮೇಲೆ ಕೂತಿದ್ದೆವು. ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ. ಕೇಳಲೇಬೇಕಾಗಿದ್ದನ್ನು ಕೇಳಿದೆ: “ಅಕ್ಕಾ, ಬೇಜಾರಾತೇನು?”

“ನನಗೂ ಹಿಂಗೇ ಸಿಕ್ಕಿತ್ತು,” ಅಂದಳು. “ನನ್ನ ಮುಂಚಿನ ನಾಯಕಿ ಮಾತು ಹೇಳಿಕೊಡಲಿಲ್ಲ ಅಷ್ಟೆ. ಸ್ಟೇಜಿನ ಮೇಲೆ ನಾನು ಅತ್ತೇಬಿಟ್ಟೆ. ಜನ ಪಾತ್ರ ಅಂತ ತಿಳಕಂಡ್ರು.”

ಸೆರಗಿನ ಗಂಟಿನಿಂದ ಮಡಿಸಿದ ಒಂದು ಪೋಸ್ಟ್‌ಕಾರ್ಡು ತೆಗೆದಳು. “ಜಗಳೂರು ಕಡೆಯಿಂದ ಬಂದೈತೆ, ಸೊಕ್ಕೆ ಅನ್ನೋ ಊರಿಂದ ಅಂತ ಪೋಸ್ಟಿನವರು ಹೇಳಿದ್ರು. ಮೂರು ದಿನ ಆತು. ಯಾರ ಹತ್ರ ಓದ್ಸಾಕೂ ಮನಸ್ಸಾಗಲಿಲ್ಲ. ನೀನು ಓದು.”

ಕಾರ್ಡಿನಲ್ಲಿ ನಾಲ್ಕೇ ಸಾಲು. ನಾಯಕಿ ಪಾತ್ರಕ್ಕೆ ಚಿಕ್ಕ ವಯಸ್ಸಿನವರೊಬ್ಬರು ಒಪ್ಪಿದ್ದಾರೆ, ತಾವು ತಾಯಿ ಪಾತ್ರಕ್ಕೆ ದಯಮಾಡಿಸಬೇಕು. ಬೇರೆ ರೀತಿ ಓದಿಬಿಡಲೇ ಅನ್ನಿಸಿತು. ನಾಯಕಿಗೇ ಕರೆದಿದ್ದಾರೆ ಎಂದು ಓದಿದರೆ ಈ ಬೆಳಗಾದರೂ ಸರಿಹೋಗುತ್ತಿತ್ತು. ಆದರೆ ಅವಳು ಅಷ್ಟು ದೂರ ಹೋಗಿ ಅಲ್ಲಿನ ಸ್ಟಾಪಿನಲ್ಲಿ ಇಳಿದಾಗ ಆ ಊರಿನವರ ಮುಖ ಹೇಗಿರುತ್ತದೆ ಎಂದು ನನಗೆ ಒಂದು ದಿನದ ಹಿಂದಷ್ಟೇ ಗೊತ್ತಾಗಿತ್ತು. ಇದ್ದದ್ದು ಇದ್ದ ಹಾಗೆ ಓದಿದೆ.

“ಇನ್ನೊಂದು ಸಲ ಓದು,” ಅಂದಳು.

ಓದಿದೆ.

“ಆ ಚಿಕ್ಕ ವಯಸ್ಸಿನಾಕಿ ನೀನೇನು?”

“ನಾನಲ್ಲಕ್ಕಾ. ಆಣೆ ಮಾಡಿ ಹೇಳ್ತೀನಿ.”

“ಆಣೆ ಯಾಕೆ, ಸುಮ್ನೆ ಕೇಳಿದೆ.” ರಸ್ತೆಯ ಕಡೆ ನೋಡಿದಳು. ಬಸ್ಸಿನ ಸುಳಿವಿರಲಿಲ್ಲ. “ಜವಾಬು ಬರ್ಕೊಡು.”

ಓದುವಾಗಿನ ಅಭ್ಯಾಸದಿಂದ ನನ್ನ ಚೀಲದಲ್ಲಿ ಕಾರ್ಡು, ಪೆನ್ನು ಇದ್ದೇ ಇರುತ್ತಿದ್ದವು. ಮಂಡಿಯ ಮೇಲೆ ಕಾರ್ಡಿಟ್ಟುಕೊಂಡೆ. “ಏನಂತ ಬರೀಲಿ?”

“ತಾಯಿ ಪಾತ್ರಕ್ಕೆ ಬರ್ತೀನಿ ಅಂತ ಬರಿ. ಒಂದು ದಿನ ಮುಂಚೇನೇ ಬರ್ತೀನಿ ಅನ್ನು. ಯಾಕೆ ಅಂತ ಕೇಳಿದ್ರೆ, ಆ ಹುಡುಗಿಗೆ ಕೊನೇ ಅಂಕ ಬರ್ತೈತೋ ಇಲ್ಲೋ ನೋಡಬೇಕು ಅನ್ನು.”

ಅವಳು ಹೇಳಿದ ಹಾಗೆಯೇ ಬರೆದೆ. ಬಸ್ಸು ಬಂದಾಗ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೊನ್ನಾಳಿ ಬರುವವರೆಗೂ ನಿದ್ದೆ ಮಾಡಿದೆವು.